ಕಟ್ಟಡಗಳು ಬಂದವು, ದುರಂತದ ದಿನದ ಸಿದ್ಧತೆಯೂ ಬರಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಕಲಬುರಗಿಯಿಂದ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ,

ನಮಸ್ಕಾರ.

ಕಲಬುರಗಿ, ಬೀದರ್ ಅಥವಾ ಯಾದಗಿರಿಯಲ್ಲಿ ಒಂದೇ ರಾತ್ರಿ ಐವತ್ತು ಜನ ಗಾಯಗೊಂಡು, ಹತ್ತು ಜನ ಸತ್ತು, ಎಲ್ಲರೂ ಒಂದೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಬಂದರೆ ಯಾರು ಏನು ಮಾಡಬೇಕು? ಇದನ್ನು ಬರೆದಿಡಬೇಕು, ಸಿಬ್ಬಂದಿಯಿಂದ ಅಭ್ಯಾಸ ಮಾಡಿಸಬೇಕು, ಜನರಿಗೂ ತಿಳಿಸಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಹೊಸ ಕಟ್ಟಡ ಕೇಳುತ್ತಿಲ್ಲ. ನಮ್ಮ ಭಾಗಕ್ಕೆ ಕಟ್ಟಡಗಳು ಬಂದಿವೆ, ಅದಕ್ಕೆ ಕೃತಜ್ಞನಾಗಿದ್ದೇನೆ. ಆ ಕಟ್ಟಡಗಳೊಳಗೆ ಇನ್ನೂ ಬರಬೇಕಾದದ್ದರ ಬಗ್ಗೆ ಹೇಳುತ್ತೇನೆ. ಅದಕ್ಕಾಗಿ ತಮ್ಮನ್ನು ಮೊದಲು ಮಂಗಳೂರಿಗೆ ಕರೆದೊಯ್ಯಬೇಕಾಗಿದೆ.

ನಾನು ಸುರಪುರದವನು, ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಈಗ ಕಲಬುರಗಿಯಲ್ಲಿ ನೆಲೆಸಿದ್ದೇನೆ. ನಮ್ಮ ಮೂರು ಜಿಲ್ಲೆಗಳ ಊರು ಊರುಗಳಿಂದ, ತಾಂಡಾಗಳಿಂದ ಜನ ಗುಳೆ ಹೋಗುವುದು ತಮಗೆ ಗೊತ್ತೇ ಇದೆ. ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರು ಮೊದಲಿನಿಂದಲೂ ಇದ್ದವು. ಕೆಲವು ದಶಕಗಳಿಂದ ಮಂಗಳೂರೂ ಆ ಸಾಲಿಗೆ ಸೇರಿದೆ. ಅಲ್ಲಿನ ಎತ್ತರದ ವಸತಿ ಸಮುಚ್ಚಯಗಳಿಗೆ ಕಲ್ಲು, ಇಟ್ಟಿಗೆ, ಸಿಮೆಂಟು ಹೊತ್ತವರಲ್ಲಿ ನಮ್ಮವರೂ ಇದ್ದಾರೆ. ಕಟ್ಟಡದ ಸಾರುವೆಯಿಂದ ಬಿದ್ದವರು, ಮಳೆಗಾಲದ ಜ್ವರ ಹಿಡಿದವರು ಅಲ್ಲಿ ಹೋಗಿ ಸೇರುವುದು ಬಹುಮಟ್ಟಿಗೆ ಒಂದೇ ಆಸ್ಪತ್ರೆಗೆ, ವೆನ್‌ಲಾಕ್‌ಗೆ. ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಆ ಹೆಸರನ್ನು ಬಹಳ ಸಲ ಕೇಳಿದ್ದೇನೆ. ಸಮುದ್ರವನ್ನೇ ಕಾಣದ ಹೆಂಗಸರು ಸಮುದ್ರದೂರಿನ ಆಸ್ಪತ್ರೆಯ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾರೆ. ಅಷ್ಟು ದೂರದ ಒಂದು ಆಸ್ಪತ್ರೆ ನಮ್ಮ ಹಳ್ಳಿಯ ಮಾತಿನಲ್ಲಿ ಬಂದು ಕೂತಿದ್ದು ಹೇಗೆ ಎಂದು ನೋಡಹೊರಟಾಗ ನನಗೆ ಸಿಕ್ಕ ಸಂಗತಿಗಳನ್ನು ಕೆಳಗೆ ಬರೆದಿದ್ದೇನೆ.

ವೆನ್‌ಲಾಕ್ ಶುರುವಾದದ್ದು 1848ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಹೆಸರು ಬಂದದ್ದು ಆಮೇಲೆ, 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್‌ನಿಂದ. ಮಂಗಳೂರಿನ ಮೇಲೆ ಹೊರಗಿನವರ ಕಣ್ಣು ಬಿದ್ದದ್ದು ಅದಕ್ಕೂ ಬಹಳ ಹಿಂದೆ. ಹದಿನಾರನೆಯ ಶತಮಾನದಲ್ಲೇ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಎರಡನೆಯ ಮೈಸೂರು ಯುದ್ಧ ಮುಗಿದದ್ದು 1784ರ ಮಂಗಳೂರು ಒಪ್ಪಂದದಿಂದ. ಟಿಪ್ಪು 1799ರಲ್ಲಿ ಮಡಿದ ಮೇಲೆ ಕೆನರಾ ಕಂಪನಿಯ ಕೈಸೇರಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದಿಳಿದರು. ಜರ್ಮನಿಯಿಂದ ಬಂದ ಅಗಸ್ಟಸ್ ಮುಲ್ಲರ್ ಎಂಬ ಪಾದ್ರಿ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದರು. ಕುಷ್ಠರೋಗಿಗಳಿಗೆ ಆಶ್ರಯವನ್ನೂ, ಪ್ಲೇಗು ಬಂದಾಗ ಪ್ಲೇಗಿನ ಆಸ್ಪತ್ರೆಯನ್ನೂ ಕಟ್ಟಿದರು.

ಇಷ್ಟನ್ನು ಹೇಳಿದ್ದು ವಸಾಹತು ಆಳ್ವಿಕೆಯನ್ನು ಹೊಗಳಲು ಅಲ್ಲ. 1837ರಲ್ಲಿ ಕರಾವಳಿಯ, ಕೊಡಗಿನ ರೈತರು ಕಂಪನಿಯ ಕಂದಾಯದ ವಿರುದ್ಧ ಎದ್ದು ಮಂಗಳೂರನ್ನೇ ಹಿಡಿದಿದ್ದರು. ಅವರ ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಹನ್ನೊಂದು ವರ್ಷ ಕಳೆದ ಮೇಲೆ ಅದೇ ಕಂಪನಿ ಅದೇ ಊರಿನಲ್ಲಿ ಆಸ್ಪತ್ರೆ ತೆರೆಯಿತು. ಕಂಪನಿಗೆ ಆಸ್ಪತ್ರೆ ಬೇಕಾಗಿದ್ದದ್ದು ಮೊದಲು ತನ್ನ ಆಡಳಿತಕ್ಕೆ. ನನ್ನ ಊರು ಸುರಪುರವೂ ಅದೇ ಆಳ್ವಿಕೆಯ ನೆರಳನ್ನು ಕಂಡಿದೆ. 1840ರ ದಶಕದಲ್ಲಿ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ ಸಂಸ್ಥಾನವೇ ಹೋಯಿತು. ನಮಗೆ ಉಳಿದದ್ದು ಒಂದು ಬಂಗಲೆ, ಮಂಗಳೂರಿಗೆ ಉಳಿದದ್ದು ಒಂದು ಆಸ್ಪತ್ರೆ. ಈ ವ್ಯತ್ಯಾಸಕ್ಕೆ ಬ್ರಿಟಿಷರ ಔದಾರ್ಯ ಕಾರಣವಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಊರಿನವರು, ಆ ಸರ್ಕಾರಗಳು ಆಸ್ಪತ್ರೆಯನ್ನು ಕೈಬಿಡಲಿಲ್ಲ, ಅದೇ ಕಾರಣ. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದಾಗ, ಅದರ ವಿದ್ಯಾರ್ಥಿಗಳು ರೋಗಿಯ ಮಂಚದ ಪಕ್ಕ ನಿಂತು ಕಲಿತದ್ದು ಇದೇ ಸರ್ಕಾರಿ ಆಸ್ಪತ್ರೆಯಲ್ಲಿ. ಖಾಸಗಿ ಕಾಲೇಜಿನ ಪ್ರಾಧ್ಯಾಪಕರು ಸರ್ಕಾರಿ ವಾರ್ಡಿನ ಬಡರೋಗಿಯನ್ನು ನೋಡುವ ಆ ಏರ್ಪಾಡು ಏಳು ದಶಕ ಉಳಿದು ಬಂದಿದೆ. ಸುಮಾರು 900 ಹಾಸಿಗೆಗಳ ಆ ಆಸ್ಪತ್ರೆಗೆ ಇವತ್ತು ನಮ್ಮ ತಾಂಡಾದ ಹುಡುಗನೂ ಹೋಗುತ್ತಾನೆ.

ನಮ್ಮ ನೆಲಕ್ಕೂ ಆಸ್ಪತ್ರೆಯ ಇತಿಹಾಸವಿದೆ ಸಚಿವರೇ, ಮಂಗಳೂರಿಗಿಂತ ನಾಲ್ಕು ಶತಮಾನ ಹಳೆಯದು. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲ್ಲಾವುದ್ದೀನ್ ಅಹ್ಮದ್ ಷಾ ಬೀದರಿನಲ್ಲಿ ದಾರುಲ್ ಶಿಫಾ ಕಟ್ಟಿಸಿದ. ಔಷಧಕ್ಕೆ, ರೋಗಿಗಳ ಊಟಕ್ಕೆಂದು ಕೆಲವು ಹಳ್ಳಿಗಳ ಆದಾಯವನ್ನೇ ಬಿಟ್ಟುಕೊಟ್ಟ. ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ. ಈ ವಿವರವನ್ನು ಪಾಠ ಮಾಡುವಾಗಲೆಲ್ಲ ನನಗೆ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯಲ್ಲಿ ಸಂಕಟವೂ ಆಗುತ್ತಿತ್ತು. ಆಸ್ಪತ್ರೆ ನಡೆಯಬೇಕಾದರೆ ಗೋಡೆ ಸಾಲದು, ನಿತ್ಯದ ಖರ್ಚಿಗೆ ಖಚಿತ ಆದಾಯ ಬೇಕು, ನಿಂತ ಸಿಬ್ಬಂದಿ ಬೇಕು ಎಂಬುದನ್ನು ಹದಿನೈದನೆಯ ಶತಮಾನದ ಒಬ್ಬ ಸುಲ್ತಾನ ಅರಿತಿದ್ದ. ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ನೋಡಲು ಪ್ರವಾಸಿಗರು ಬರುತ್ತಾರೆ. ದಾರುಲ್ ಶಿಫಾ ನೋಡಬೇಕೆಂದು ಕೇಳುವವರನ್ನು ನಾನಂತೂ ಕಂಡಿಲ್ಲ.

ಈಗ 2010ಕ್ಕೆ ಬರುತ್ತೇನೆ. ಮೇ 22, ಶನಿವಾರ, ಬೆಳಗಿನ ಆರು ಗಂಟೆಯ ಆಸುಪಾಸು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ವಿಮಾನದಲ್ಲಿದ್ದವರು 166 ಮಂದಿ. ಸತ್ತವರು 158, ಬದುಕಿದವರು ಎಂಟು. ಕೊಲ್ಲಿ ದೇಶಗಳಲ್ಲಿ ದುಡಿದು ರಜೆಗೆಂದು ಮನೆಗೆ ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು. ಕಾಸರಗೋಡು, ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಲ್ಲಿ ಅವರಿಗಾಗಿ ಅಡುಗೆ ನಡೆದಿರಬೇಕು.

ಆ ದಿನ ವೆನ್‌ಲಾಕ್ ಆಸ್ಪತ್ರೆಯ ಶವಾಗಾರದ ಎದುರು ಏನೇನು ನಡೆಯಬೇಕಾಯಿತು ಎಂಬುದನ್ನು ತಾವು ಒಮ್ಮೆ ಮನಸ್ಸಿನಲ್ಲಿ ಬಿಡಿಸಿ ನೋಡಬೇಕು ಎಂದು ಕೋರುತ್ತೇನೆ. ಗಾಯಾಳುಗಳು ಬೆರಳೆಣಿಕೆಯಷ್ಟು, ಸುಟ್ಟ ದೇಹಗಳು ನೂರಾರು. ಯಾವ ಜಿಲ್ಲಾ ಆಸ್ಪತ್ರೆಯ ಶವಾಗಾರವೂ ಅಷ್ಟು ದೇಹಗಳನ್ನು ಇಡಲು ಕಟ್ಟಿದ್ದಲ್ಲ. ಪ್ರತಿ ದೇಹಕ್ಕೂ ಸಂಖ್ಯೆ ಕಟ್ಟಬೇಕು. ಮೈಮೇಲಿನ ಬಟ್ಟೆ, ಉಂಗುರ, ಗಡಿಯಾರ, ಜೇಬಿನ ಕಾಗದ ಬರೆದಿಡಬೇಕು. ಪಂಚನಾಮೆ ಆಗಬೇಕು, ಮರಣೋತ್ತರ ಪರೀಕ್ಷೆ ಆಗಬೇಕು. ಹೊರಗೆ ಕಾಯುತ್ತಿರುವ ಮನೆಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆತರಬೇಕು, ನೋಡಬಾರದ್ದನ್ನು ನೋಡುವಾಗ ಅವರ ಭುಜ ಹಿಡಿಯಲು ಒಬ್ಬರಿರಬೇಕು. ಕಾಗದಪತ್ರ ಮುಗಿಸಿ, ಆಂಬುಲೆನ್ಸ್ ಗೊತ್ತುಮಾಡಿ, ಊರಿಗೆ ಕಳಿಸಬೇಕು. ಇದೆಲ್ಲ ಸಾಧ್ಯವಾದದ್ದು ಅಲ್ಲಿ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಮೊದಲೇ ಜೀವಂತವಾಗಿ ಇದ್ದದ್ದರಿಂದ, ಸುತ್ತ ವೈದ್ಯಕೀಯ ಕಾಲೇಜುಗಳು ಇದ್ದದ್ದರಿಂದ, ಆ ಕಾಲೇಜುಗಳ ವಿಧಿವಿಜ್ಞಾನ ವೈದ್ಯರಿಗೆ ವೆನ್‌ಲಾಕ್‌ನ ಒಳಹೊರಗು ಪರಿಚಯವಿದ್ದದ್ದರಿಂದ. ಊರಿನ ಜನ, ಆಂಬುಲೆನ್ಸ್ ಚಾಲಕರು, ಸ್ವಯಂಸೇವಕರು ಯಾರ ಕರೆಗೂ ಕಾಯದೆ ಬಂದು ನಿಂತರು.

ಆದರೂ ತಪ್ಪುಗಳಾದವು, ನನ್ನ ಪತ್ರಕ್ಕೆ ಇದು ಬಹಳ ಮುಖ್ಯ. ಬಟ್ಟೆಯ ಚೂರು, ಒಡವೆ, ಎತ್ತರ ನೋಡಿ ಮೊದಲ ಗಂಟೆಗಳಲ್ಲೇ ದೇಹಗಳ ಗುರುತು ಹೇಳಿ ಒಯ್ದವರಿದ್ದರು. ಎದೆ ಒಡೆದ ಮನೆಯವರನ್ನು ಕಾಯಿರಿ ಎಂದು ತಡೆಯುವುದು ಸುಲಭವಲ್ಲ. ಕೊನೆಗೆ ಉಳಿದ ದೇಹಗಳ ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದ ತಜ್ಞರು ಬರಬೇಕಾಯಿತು. ಪರೀಕ್ಷೆಯ ಬಳಿಕವೂ 12 ದೇಹಗಳು ಯಾರವೆಂದು ತಿಳಿಯಲಿಲ್ಲ. ಅವಸರದಲ್ಲಿ ಕೆಲವು ದೇಹಗಳು ಬೇರೆಯವರ ಮನೆ ಸೇರಿರಬೇಕು ಎಂಬ ಮಾತು ಆಗಲೇ ಬಂತು. ಆ 12 ದೇಹಗಳನ್ನು ಕೂಳೂರಿನ ಬಳಿ ಗುರುಪುರ ನದಿಯ ದಡದಲ್ಲಿ ಸರ್ವಧರ್ಮ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಅಲ್ಲಿ ಸ್ಮಾರಕವಿದೆ, ಪ್ರತಿ ವರ್ಷ ಮೇ 22ರಂದು ಜಿಲ್ಲಾಡಳಿತದವರೂ ಮನೆಯವರೂ ಹೋಗಿ ಹೂವಿಡುತ್ತಾರೆ. ತನ್ನವರ ದೇಹ ಕೊನೆಗೂ ಸಿಗದ ಒಬ್ಬ ತಾಯಿಗೆ, ಹನ್ನೆರಡು ಗುಂಡಿಗಳಲ್ಲಿ ತನ್ನ ಮಗ ಯಾವುದರಲ್ಲಿದ್ದಾನೆ ಎಂದು ಯಾರೂ ಹೇಳಲಾರರು. ಇಷ್ಟು ಹಳೆಯ, ಇಷ್ಟು ಅನುಭವಿ ಆಸ್ಪತ್ರೆಯಿದ್ದ ಊರಿನಲ್ಲೇ ಹೀಗಾದರೆ ನಮ್ಮಲ್ಲಿ ಏನಾದೀತು ಎಂಬ ಭಯ ನನ್ನನ್ನು ಬಿಟ್ಟಿಲ್ಲ.

ನಮ್ಮಲ್ಲಿ ವಿಮಾನ ಬೀಳದಿರಲಿ. ಆದರೆ ದುರಂತ ನಮಗೆ ಹೊಸದಲ್ಲ. 2022ರ ಜೂನ್ 3ರಂದು ಕಲಬುರಗಿ ಜಿಲ್ಲೆಯ ಕಮಲಾಪುರದ ಬಳಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿ ಹೊಡೆದು ಸೇತುವೆಯಿಂದ ಉರುಳಿ ಹೊತ್ತಿಕೊಂಡಿತು. ಏಳು ಮಂದಿ ಒಳಗೇ ಸುಟ್ಟುಹೋದರು. ಪ್ರವಾಸ ಮುಗಿಸಿ ಮನೆಗೆ ಮರಳುತ್ತಿದ್ದವರು. ಅದೇ ವರ್ಷ ನವೆಂಬರಿನಲ್ಲಿ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡದ ಬಳಿ ಲಾರಿ ಮತ್ತು ಆಟೋ ಡಿಕ್ಕಿಯಾಗಿ ಏಳು ಮಹಿಳೆಯರು ಸತ್ತರು. ಎಲ್ಲರೂ ದಿನಗೂಲಿ ಮುಗಿಸಿ ಮನೆಗೆ ಹೊರಟಿದ್ದವರು. 2023ರ ಜೂನ್‌ನಲ್ಲಿ ಯಾದಗಿರಿ ಜಿಲ್ಲೆಯ ಬಳಿಚಕ್ರದ ಹತ್ತಿರ, ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾದ ಉರುಸಿಗೆಂದು ಆಂಧ್ರದಿಂದ ಬರುತ್ತಿದ್ದ ಐವರು ನಿಂತ ಲಾರಿಗೆ ಗುದ್ದಿ ಪ್ರಾಣಬಿಟ್ಟರು. 2025ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸಿನ ಬಳಿ ಮತ್ತೆ ಅದೇ ದರ್ಗಾದ ಹಾದಿ, ಮತ್ತೆ ನಿಂತ ಲಾರಿ, ಮತ್ತೆ ಐದು ಸಾವು, ಈ ಸಲ ಬಾಗಲಕೋಟೆ ಕಡೆಯವರು.

ಈ ಸಾಲನ್ನು ಉದ್ದ ಮಾಡಬಹುದು, ಬೇಡ. ಇವುಗಳಲ್ಲಿ ಮೂರನ್ನು ನೋಡಿ. ಸತ್ತವರು ಹೊರಗಿನವರು. ಅವರ ಮನೆಯವರು ರಾತ್ರೋರಾತ್ರಿ ಬೇರೆ ರಾಜ್ಯದಿಂದಲೋ ದೂರದ ಜಿಲ್ಲೆಯಿಂದಲೋ, ನಮ್ಮ ಊರಿನ ರಸ್ತೆ ತಿಳಿಯದೆ, ಆಸ್ಪತ್ರೆಯ ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ಬಂದು ಇಳಿಯುತ್ತಾರೆ. ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು, ಗಾಣಗಾಪುರದ ದತ್ತನ ದರ್ಶನ, ಮೈಲಾಪುರದ ಮಲ್ಲಯ್ಯ, ತಿಂಥಣಿಯ ಮೌನೇಶ್ವರ, ಹುಮನಾಬಾದಿನ ವೀರಭದ್ರ, ಬೀದರಿನ ಗುರುದ್ವಾರ. ನಮ್ಮ ಮೂರು ಜಿಲ್ಲೆಗಳು ವರ್ಷವಿಡೀ ಹೊರಗಿನ ಭಕ್ತರನ್ನು ಕರೆಯುತ್ತವೆ. ಕರೆದವರ ಮೇಲೆ ಅವರ ಜೀವದ ಹೊಣೆಯೂ ಇದೆ. ಜೊತೆಗೆ ಸೇಡಂ, ಚಿತ್ತಾಪುರ, ವಾಡಿಯ ಸಿಮೆಂಟು ಕಾರ್ಖಾನೆಗಳು, ಕಡೇಚೂರು ಬಾಡಿಯಾಳದ ಔಷಧ ರಾಸಾಯನಿಕ ಘಟಕಗಳು ಇವೆ. 2019ರ ನವೆಂಬರಿನಿಂದ ಕಲಬುರಗಿಗೂ, 2020ರ ಫೆಬ್ರುವರಿಯಿಂದ ಬೀದರಿಗೂ ವಿಮಾನ ನಿಲ್ದಾಣ ಬಂದಿದೆ.

ನಾನು ಕಣ್ಣಾರೆ ಕಂಡ ಒಂದು ರಾತ್ರಿಯನ್ನು ಹೇಳಬೇಕು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಯಾರನ್ನೂ ಶಿಕ್ಷಿಸಬೇಕೆಂಬ ಆಸೆ ನನಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಕುಟುಂಬವೊಂದರ ಸಂಬಂಧಿಕರು, ತೊಗರಿ ರಾಶಿಗೆ ಹೋಗಿ ಟಂಟಂನಲ್ಲಿ ಮರಳುತ್ತಿದ್ದ ತಾಂಡಾದ ಜನ, ಅಪಘಾತಕ್ಕೆ ಸಿಕ್ಕರು. ನಾನೂ ಜೊತೆಗೆ ಹೋದೆ. ಗಾಯಗೊಂಡವರನ್ನು ವೈದ್ಯರು ನೋಡುತ್ತಿದ್ದರು, ಶುಶ್ರೂಷಕಿಯರು ಓಡಾಡುತ್ತಿದ್ದರು. ಅವರ ಶ್ರಮದ ಬಗ್ಗೆ ನನಗೆ ಒಂದು ಮಾತಿನ ದೂರೂ ಇಲ್ಲ. ಆದರೆ ಹೊರಗೆ ಕೂತಿದ್ದ ಹೆಂಗಸರಿಗೆ ಯಾರು ಬದುಕಿದ್ದಾರೆ, ಯಾರು ಇಲ್ಲ ಎಂದು ಹೇಳುವವರೇ ಇರಲಿಲ್ಲ. ತುರ್ತು ವಿಭಾಗದವರು ಪೊಲೀಸರನ್ನು ಕೇಳಿ ಎಂದರು. ಪೊಲೀಸರು ವೈದ್ಯರನ್ನು ಕೇಳಿ ಎಂದರು. ಶವಾಗಾರದ ಬಾಗಿಲಿಗೆ ಬೀಗವಿತ್ತು, ಕೀಲಿ ಇದ್ದವರು ಬೆಳಿಗ್ಗೆ ಬರುತ್ತಾರೆ ಎಂಬ ಉತ್ತರ ಬಂತು. ಲಂಬಾಣಿ ಮಾತ್ರ ಬರುತ್ತಿದ್ದ ಒಬ್ಬ ಮುದುಕಿ ತನ್ನ ಸೊಸೆಯ ಹೆಸರನ್ನು ಹಾದುಹೋಗುವ ಪ್ರತಿಯೊಬ್ಬರ ಮುಂದೆಯೂ ಹೇಳುತ್ತಿದ್ದಳು. ಬೆಳಗಾದ ಮೇಲೆ ಗೊತ್ತಾದ ಸುದ್ದಿ ರಾತ್ರಿಯೇ ಆಸ್ಪತ್ರೆಯ ಒಂದು ರಿಜಿಸ್ಟರಿನಲ್ಲಿ ಇತ್ತು. ಅಲ್ಲಿಂದ ಆಕೆಯ ಕಿವಿಗೆ ತಲುಪಿಸುವ ಕೆಲಸ ಯಾರದೆಂದು ಯಾರಿಗೂ ವಹಿಸಿರಲಿಲ್ಲ, ಅಷ್ಟೇ.

ಅಂಥ ರಾತ್ರಿಗಳಲ್ಲಿ ಆಸ್ಪತ್ರೆಯವರು ಕೆಟ್ಟವರಾಗಿರುವುದಿಲ್ಲ ಸಚಿವರೇ. ಕೆಲಸ ಹಂಚಿಕೆಯಾಗಿರುವುದಿಲ್ಲ. ನಾನು ತಮ್ಮಿಂದ ಬೇಡುತ್ತಿರುವುದು ಆ ಹಂಚಿಕೆಯನ್ನು.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಗೂ ಪ್ರಾಧಿಕಾರವಿದೆ. ಒಮ್ಮೆಲೇ ಬಹಳ ಮಂದಿ ಗಾಯಗೊಂಡಾಗ ಆಸ್ಪತ್ರೆಗಳು ಏನು ಮಾಡಬೇಕೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮೃತದೇಹಗಳನ್ನು ಹೇಗೆ ಗುರುತಿಸಬೇಕು, ಹೇಗೆ ಗೌರವದಿಂದ ಮನೆಯವರಿಗೆ ಒಪ್ಪಿಸಬೇಕು ಎಂಬುದಕ್ಕೆ ಬೇರೆಯದೇ ಮಾರ್ಗಸೂಚಿಯನ್ನು 2010ರಲ್ಲಿ, ಮಂಗಳೂರಿನ ದುರಂತ ನಡೆದ ವರ್ಷದಲ್ಲೇ, ಕೊಟ್ಟಿದೆ. ಸೂಕ್ತ ಬೆಳಕು, ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ಬಳಿಕವೂ ಮರಣೋತ್ತರ ಪರೀಕ್ಷೆ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಹೇಳಿತು. ಕೊಲೆ, ಅತ್ಯಾಚಾರ, ಆತ್ಮಹತ್ಯೆಯಂಥ ಶಂಕೆಯ ಪ್ರಕರಣಗಳನ್ನು ಬಿಟ್ಟರೆ ಮನೆಯವರು ಬೆಳಗಿನ ತನಕ ಕಾಯಬೇಕಾದ ಕಾನೂನಿನ ತೊಡಕು ಉಳಿದಿಲ್ಲ. ಕಾಗದ ಇದೆ, ಆದೇಶ ಇದೆ. ನಮ್ಮ ಮೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಅವು ವಾರ್ಡ್‌ ಸಿಬ್ಬಂದಿಯ ಕೈಗೂ ಬಾಯಿಗೂ ಇಳಿದಿವೆಯೇ ಎಂಬುದೇ ಪ್ರಶ್ನೆ.

ಇನ್ನು ನಮ್ಮಲ್ಲಿ ಇರುವುದನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಇಎಸ್‌ಐ ವೈದ್ಯಕೀಯ ಕಾಲೇಜು ಇದೆ, 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ, ಖಾಜಾ ಬಂದೇನವಾಜ್ ಸಂಸ್ಥೆಯ ಕಾಲೇಜು ಇದೆ. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್ ಇದೆ. 2022ರಿಂದ ಯಾದಗಿರಿಗೂ ವೈದ್ಯಕೀಯ ಕಾಲೇಜು ಬಂದಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆಂದು 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಬಾಗಿಲು ತೆರೆಯಿತು. ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊತ್ತೊಯ್ಯುತ್ತಿದ್ದ ದಿನಗಳನ್ನು ಕಂಡ ನನ್ನಂಥವನಿಗೆ ಆ ಕಟ್ಟಡ ನೋಡಿದಾಗ ಕಣ್ಣು ತುಂಬಿತು. ಮಂಗಳೂರಿಗೆ ನೂರೆಪ್ಪತ್ತು ವರ್ಷ ಹಿಡಿದದ್ದರ ಬಹುಪಾಲು ನಮಗೆ ಎರಡು ದಶಕಗಳಲ್ಲಿ ಬಂದಿದೆ. ಬಂದದ್ದೆಲ್ಲ ಬಿಡಿಬಿಡಿಯಾಗಿ ನಿಂತಿದೆ. ಸರ್ಕಾರಿ ಆಸ್ಪತ್ರೆಗೂ ಖಾಸಗಿ ಕಾಲೇಜುಗಳಿಗೂ ನಡುವೆ, ದುರಂತದ ರಾತ್ರಿ ನಿಮ್ಮ ವಿಧಿವಿಜ್ಞಾನ ವೈದ್ಯರು ನಮ್ಮಲ್ಲಿಗೆ ಬರುತ್ತಾರೆ, ನಮ್ಮ ದೇಹಗಳನ್ನು ನಿಮ್ಮ ಶೈತ್ಯಾಗಾರದಲ್ಲಿ ಇಡುತ್ತೀರಿ, ರಕ್ತನಿಧಿಗಳು ಒಂದೇ ಪಟ್ಟಿಯಲ್ಲಿ ಇರುತ್ತವೆ ಎಂಬ ಸಹಿ ಹಾಕಿದ ಒಪ್ಪಂದ ಬೇಕು. ವೆನ್‌ಲಾಕ್‌ಗೆ 1950ರ ದಶಕದಲ್ಲಿ ಸಿಕ್ಕ ಬಲ ಅದೇ.

ಸಿದ್ಧತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಲಬುರಗಿಯಲ್ಲೇ ದೇಶವೇ ನೆನಪಿಟ್ಟ ಒಂದು ಉದಾಹರಣೆ ಇದೆ. ಭಾರತದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ನಮ್ಮೂರಿನದು. 2020ರ ಮಾರ್ಚ್ 10ರಂದು ತೀರಿಕೊಂಡ 76 ವರ್ಷದ ಹಿರಿಯರು ಅವರು. ಸೌದಿಯಿಂದ ಮರಳಿದ ಅವರನ್ನು ಕಲಬುರಗಿಯಿಂದ ಹೈದರಾಬಾದಿಗೆ ಒಯ್ದು, ಅಲ್ಲಿಂದ ಮರಳಿ ತರುವಾಗ ದಾರಿಯಲ್ಲೇ ಪ್ರಾಣ ಹೋಯಿತು. ಸೋಂಕು ಖಚಿತವಾದದ್ದು ಅವರು ಹೋದ ಎರಡು ದಿನಗಳ ಮೇಲೆ. ಆ ಸಾವು ಆದ ಮೇಲೆ ಕಲಬುರಗಿಯಲ್ಲೇ ಪರೀಕ್ಷೆಯ ಪ್ರಯೋಗಾಲಯ ಶುರುವಾಯಿತು. ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಎಂಬುದನ್ನು ನಾವು ನೋಡಿದ್ದೇವೆ. ಆದರೆ ಅದಕ್ಕೆ ಮೊದಲು ಒಬ್ಬರು ಸಾಯಬೇಕಾಯಿತು. ಮುಂದಿನ ಏರ್ಪಾಡಿಗೂ ಒಂದು ಬಸ್ಸು ಹೊತ್ತಿ ಉರಿಯುವ ತನಕ ಕಾಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಏನು ಮಾಡಬೇಕು ಎಂದು ಹೇಳಲು ನಾನು ವೈದ್ಯನಲ್ಲ. ಆದರೆ ವೈದ್ಯರನ್ನು, ಶುಶ್ರೂಷಕಿಯರನ್ನು, 108 ವಾಹನದ ಚಾಲಕರನ್ನು, ಶವಾಗಾರದಲ್ಲಿ ದುಡಿಯುವವರನ್ನು ಕೂರಿಸಿಕೊಂಡು ಕೇಳಿದ್ದೇನೆ. ಎಲ್ಲರೂ ಮೊದಲು ಹೇಳುವುದು ಗಾಯಾಳುಗಳ ವಿಂಗಡಣೆಯನ್ನು. ತಕ್ಷಣ ಚಿಕಿತ್ಸೆ ಬೇಕಾದವರಿಗೆ ಕೆಂಪು ಪಟ್ಟಿ, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸಿರು, ಉಳಿಯಲಾರದವರಿಗೆ ಕಪ್ಪು. ಪುಸ್ತಕದಲ್ಲಿ ಎಲ್ಲ ವೈದ್ಯರೂ ಇದನ್ನು ಓದಿರುತ್ತಾರೆ. ರಾತ್ರಿ ಎರಡು ಗಂಟೆಗೆ, ಕರೆಂಟು ಹೋಗಿ ಬಂದು ಮಾಡುವಾಗ, ಮೂವತ್ತು ಜನ ಸಂಬಂಧಿಕರು ಬಾಗಿಲು ನೂಕುತ್ತಿರುವಾಗ ಅದನ್ನು ಮಾಡಲು ಮೊದಲೇ ಅಭ್ಯಾಸ ಬೇಕು. ಯುಗಾದಿಗೆ ಮುಂಚೆ ಮನೆಯ ಮೂಲೆ ಮೂಲೆ ಗುಡಿಸಿದಂತೆ, ಪ್ರತಿ ದೊಡ್ಡ ಜಾತ್ರೆ ಉರುಸಿಗೆ ಮುಂಚೆ ಆಸ್ಪತ್ರೆಯಲ್ಲಿ ಒಂದು ಅಣಕು ಕಾರ್ಯಾಚರಣೆ ನಡೆಯಲಿ. ಫೋಟೋಕ್ಕಾಗಿ ಹಗಲು ಹನ್ನೊಂದು ಗಂಟೆಗೆ ನಡೆಸುವುದಲ್ಲ, ಸಿಬ್ಬಂದಿ ಕಡಿಮೆ ಇರುವ ರಾತ್ರಿ ಪಾಳಿಯಲ್ಲಿ, ಮುನ್ಸೂಚನೆ ಕೊಡದೆ.

ಎರಡನೆಯದಾಗಿ ಎಲ್ಲರೂ ಹೇಳಿದ್ದು, ಮತ್ತು ನನಗೆ ಅತಿ ಮುಖ್ಯ ಎನಿಸಿದ್ದು, ಮನೆಯವರಿಗೆ ಸುದ್ದಿ ಹೇಳುವ ಜಾಗ. ತುರ್ತು ವಿಭಾಗದಿಂದ ಬೇರೆಯಾದ ಒಂದು ಕೋಣೆ, ಒಂದು ಮೇಜು, ಒಂದು ಫೋನ್ ಸಂಖ್ಯೆ. ಅಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವವರು ಇರಲಿ. ಈ ಐದೂ ಭಾಷೆಗಳು ನಮ್ಮ ಆಸ್ಪತ್ರೆಗಳ ನೌಕರರಲ್ಲೇ ಇವೆ, ಹೊರಗಿನಿಂದ ಯಾರನ್ನೂ ಕರೆತರಬೇಕಾಗಿಲ್ಲ. ಗಾಯಾಳುಗಳ, ಮೃತರ ಪಟ್ಟಿಯನ್ನು ಗಂಟೆಗೊಮ್ಮೆ ಅಲ್ಲಿಗೆ ತಲುಪಿಸುವ ಹೊಣೆ ಒಬ್ಬರ ಹೆಸರಿನಲ್ಲಿ ಇರಲಿ. ಕುಡಿಯಲು ನೀರು, ಕೂರಲು ಬೆಂಚು, ಹೆಂಗಸರಿಗೆ ಶೌಚಾಲಯ ಇರಲಿ. ಇದಕ್ಕೆ ಕೋಟಿಗಳು ಬೇಡ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಲೆಕ್ಕದಲ್ಲಿ ಇದು ಕಣ್ಣಿಗೂ ಬೀಳದ ಮೊತ್ತ.

ಮೃತದೇಹಗಳ ವಿಷಯದಲ್ಲಿ ಮಂಗಳೂರು ನಮಗೆ ಕಲಿಸಿದ್ದನ್ನು ಬರೆದಿಡಬೇಕು. ಸುಟ್ಟ ಅಥವಾ ಜಜ್ಜಿದ ದೇಹವನ್ನು ಬಟ್ಟೆ ಒಡವೆ ನೋಡಿ ಮಾತ್ರ ಒಪ್ಪಿಸಬಾರದು. ಹಲ್ಲಿನ ದಾಖಲೆ, ಬೆರಳಚ್ಚು, ಹಳೆಯ ಶಸ್ತ್ರಚಿಕಿತ್ಸೆಯ ಗುರುತು ನೋಡಬೇಕು, ಸಂಶಯವಿದ್ದರೆ ಡಿಎನ್‌ಎ ಮಾದರಿ ತೆಗೆಯಬೇಕು. ಮಾದರಿ ಯಾರು ತೆಗೆಯುತ್ತಾರೆ, ಯಾವ ಪ್ರಯೋಗಾಲಯಕ್ಕೆ ಯಾರು ಒಯ್ಯುತ್ತಾರೆ, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಅಲ್ಲಿಯವರೆಗೆ ದೇಹ ಎಲ್ಲಿ ಇರುತ್ತದೆ, ಮನೆಯವರು ಎಲ್ಲಿ ಇರುತ್ತಾರೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಕರಾವಳಿಯ ಕಣ್ಣೀರಿಗೆ ಹೈದರಾಬಾದಿನಿಂದ ತಜ್ಞರು ಹೋಗಿ ನಿಂತರು. ಹೈದರಾಬಾದು ನಮ್ಮ ಮಗ್ಗುಲಲ್ಲೇ ಇದೆ. ಆ ಡಿಎನ್‌ಎ ಕೇಂದ್ರದೊಂದಿಗೆ, ಕಲಬುರಗಿಯಲ್ಲಿರುವ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದೊಂದಿಗೆ ಈಗಲೇ ಮಾತಾಡಿ ಕ್ರಮ ಗೊತ್ತುಮಾಡಿಕೊಳ್ಳಲು ಏನಡ್ಡಿ?

ಶವಾಗಾರದಲ್ಲಿ ದುಡಿಯುವವರ ಬಗ್ಗೆ ಒಂದು ಮಾತು. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ, ಎಲ್ಲರಿಗಿಂತ ಕಡಿಮೆ ಮರ್ಯಾದೆ ಅವರಿಗೆ. ಹೊರಗುತ್ತಿಗೆಯಲ್ಲಿ ಇರುವವರೇ ಹೆಚ್ಚು. ಕೈಗವಸು, ಮುಖಗವಸು, ಬೂಟು ಕೇಳಿ ಪಡೆಯಬೇಕು. ದುರಂತದ ದಿನ ನಾಡಿನ ಮಾನ ಅವರ ಕೈಯಲ್ಲಿರುತ್ತದೆ. ಅವರಿಗೆ ಕಾಯಂ ಹುದ್ದೆ, ತರಬೇತಿ, ಅಪಘಾತ ವಿಮೆ, ಅಂಥ ದಿನಗಳ ಬಳಿಕ ಮನಸ್ಸಿನ ಭಾರ ಇಳಿಸಲು ಆಪ್ತಸಮಾಲೋಚನೆ ಕೊಡಿಸಿ. ತಾವು ಈ ಪತ್ರದಲ್ಲಿ ಒಂದನ್ನೇ ಮಾಡಬಲ್ಲಿರಾದರೆ ಇದನ್ನೇ ಮಾಡಿ ಎನ್ನುತ್ತೇನೆ.

ಕಮಲಾಪುರ, ಬೇಮಳಖೇಡ, ಬಳಿಚಕ್ರ, ನೆಲೋಗಿಯ ಪ್ರಕರಣಗಳಲ್ಲಿ ಆಸ್ಪತ್ರೆಗೆ ಮೊದಲ ಗಾಯಾಳು ಎಷ್ಟು ಹೊತ್ತಿಗೆ ತಲುಪಿದರು, ಮನೆಯವರಿಗೆ ಎಷ್ಟು ಹೊತ್ತಿಗೆ ತಿಳಿಯಿತು, ಕೊನೆಯ ದೇಹ ಯಾವಾಗ ಹಸ್ತಾಂತರವಾಯಿತು ಎಂಬುದನ್ನು ಮೂರು ಜಿಲ್ಲೆಗಳ ಆಸ್ಪತ್ರೆಗಳಿಂದ ತರಿಸಿಕೊಂಡು ಸಾರ್ವಜನಿಕರ ಮುಂದಿಡಿ. ವೆನ್‌ಲಾಕ್‌ನಲ್ಲಿ 2010ರಲ್ಲಿ ದುಡಿದ ವೈದ್ಯರು, ಶುಶ್ರೂಷಕಿಯರು, ನೌಕರರಲ್ಲಿ ಹಲವರು ಇಂದಿಗೂ ಇದ್ದಾರೆ. ಅವರನ್ನು ಕಲಬುರಗಿಗೆ ಕರೆಸಿ, ನಮ್ಮ ಆರು ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಸಿಬ್ಬಂದಿಯ ಮುಂದೆ ಕೂರಿಸಿ, ಏನು ಸರಿಹೋಯಿತು, ಏನು ಕೈತಪ್ಪಿತು ಎಂದು ಕೇಳಿ. ಬರುವ ಶರಣಬಸವೇಶ್ವರರ ಜಾತ್ರೆಯೊಳಗೆ ಮೊದಲ ಅಣಕು ಕಾರ್ಯಾಚರಣೆ ಮುಗಿಯಲಿ. ಅದರ ವರದಿಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಆಸ್ಪತ್ರೆಯ ಹೆಬ್ಬಾಗಿಲಲ್ಲಿ ಹಚ್ಚಿಸಿ. ನಾನು ಬಂದು ಓದುತ್ತೇನೆ.

ತಮ್ಮ ಉತ್ತರವೂ ಬಹಿರಂಗವಾಗಿಯೇ ಬರಲಿ ಎಂದು ಕೋರುತ್ತಾ,

ತಮ್ಮ ವಿಶ್ವಾಸಿ,
ಸುರಪುರ ಮೂಲದ ನಿವೃತ್ತ ಇತಿಹಾಸ ಉಪನ್ಯಾಸಕ
ಕಲಬುರಗಿ